ಓದುಗರ ಪ್ರಶ್ನೆ: ಮಾರ್ಗದರ್ಶಕಿಗೆ ಪ್ರಶಸ್ತಿ, ಅರ್ಜಿಗೆ ಪುರಾವೆ

ತಂತ್ರಜ್ಞಾನ ಕ್ಷೇತ್ರದ ಮಹಿಳೆಯರಿಗೆ ಸಲ್ಲುವ ಪ್ರಶಸ್ತಿಗಳ ಬಗ್ಗೆ ನಮ್ಮ ಭಾಗದ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ. ಹೆಸರು ಬೇಡ ಎಂದವರೇ ಹೆಚ್ಚು, ಹಾಗಾಗಿ ಊರನ್ನಷ್ಟೇ ಹಾಕಿದ್ದೇವೆ.

ನಮ್ಮ ಕಂಪನಿಯೊಳಗ ಟೀಮ್ ಲೀಡ್ ಮೇಡಂ 14 ವರ್ಷದಿಂದ ಅದಾರ. ಎಷ್ಟೋ ಹುಡುಗ್ಯಾರನ್ನ ಕೈಹಿಡಿದು ಮುಂದ ತಂದಾರ. ತಮ್ಮ ಬಗ್ಗೆ ತಾವು ಒಂದ ಮಾತೂ ಹೇಳಿಕೊಳ್ಳಂಗಿಲ್ಲ. ನಾವು ಎಂಟು ಮಂದಿ ಸೇರಿ ಅವರ ಹೆಸರು ಪ್ರಶಸ್ತಿಗೆ ಕಳಸಬೇಕಂತೀವಿ. ಎಲ್ಲಿಂದ ಶುರು ಮಾಡಬೇಕ್ರಿ?
(ವಿದ್ಯಾನಗರ, ಹುಬ್ಬಳ್ಳಿ)

ಮೊದಲು ಅವರನ್ನೇ ಕೇಳಿ. ಗುಟ್ಟಾಗಿ ಕಳಿಸಿ ಖುಷಿಪಡಿಸೋಣ ಎಂದು ಹೊರಟವರ ಅರ್ಜಿ ಅರ್ಧದಲ್ಲೇ ನಿಲ್ಲುವುದುಂಟು. ಹುಟ್ಟಿದ ದಿನಾಂಕ, ಗುರುತಿನ ಚೀಟಿ, ಸೇವೆಯ ವಿವರ, ಕೆಲವು ಕಡೆ ಸಹಿಯೂ ಬೇಕಾಗುತ್ತದೆ. ಅವರು ಸಂಕೋಚಪಟ್ಟರೆ, 'ಬರೆಯೋರು ನಾವು, ತಪ್ಪಿದ್ದರೆ ತಿದ್ದೋರು ನೀವು' ಎನ್ನಿ. ಅಷ್ಟಕ್ಕೆ ಬಹಳ ಮಂದಿ ಒಪ್ಪುತ್ತಾರೆ.

ಕೊನೆಯ ದಿನಾಂಕಕ್ಕೆ 8 ವಾರ ಇರುವಾಗಲೇ ಕೆಲಸ ಶುರುವಾಗಬೇಕು. ಮೊದಲ ವಾರ ಪ್ರಶಸ್ತಿಯ ನಿಯಮಾವಳಿಯನ್ನು ಇಬ್ಬರು ಬೇರೆಬೇರೆಯಾಗಿ ಓದಿ. ನಾಯಕತ್ವಕ್ಕೆ ಕೊಡುವ ಪ್ರಶಸ್ತಿ ಬೇರೆ, ಮಾರ್ಗದರ್ಶನಕ್ಕೆ ಕೊಡುವುದು ಬೇರೆ. ನಾಯಕತ್ವದ ವಿಭಾಗದಲ್ಲಿ ತೀರ್ಪುಗಾರರು ನೋಡುವುದು ಅವರು ಹೊತ್ತ ಹೊಣೆ: ಎಷ್ಟು ಜನರ ತಂಡ, ಯಾವ ಉತ್ಪನ್ನ, ಯಾವ ಕಷ್ಟದ ನಿರ್ಧಾರ. ಮಾರ್ಗದರ್ಶನದ ವಿಭಾಗದಲ್ಲಿ ನೋಡುವುದು ಅವರಿಂದ ಬೇರೆಯವರಿಗೆ ಏನಾಯಿತು ಎಂಬುದನ್ನು. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿ ಕಳಿಸಿದರೆ ಎರಡೂ ಕಡೆ ಅಂಕ ಕಡಿಮೆ. ನಿಮ್ಮ ಪತ್ರ ಓದಿದರೆ ನಿಮ್ಮ ಮೇಡಂ ಮಾರ್ಗದರ್ಶನದ ವಿಭಾಗಕ್ಕೆ ಸೇರಿದವರು.

ಮುಂದಿನ ಎರಡು ವಾರ ಲೆಕ್ಕ ಹಾಕುವ ಕೆಲಸ. ಕಳೆದ 5 ವರ್ಷಗಳಲ್ಲಿ ಅವರ ಕೈಯಲ್ಲಿ ಕಲಿತವರನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆಯಿರಿ. ಸೇರಿದಾಗ ಯಾವ ಹುದ್ದೆ, ಈಗ ಯಾವ ಹುದ್ದೆ, ನಡುವೆ ಮೇಡಂ ಮಾಡಿದ್ದೇನು ಎಂಬ ಮೂರು ಅಂಕಣ ಸಾಕು. ಮೂರನೆಯ ಅಂಕಣ ಖಾಲಿ ಉಳಿದ ಹೆಸರನ್ನು ತೆಗೆದುಬಿಡಿ. ಆ ಹುಡುಗಿ ತಾನಾಗಿಯೇ ಮೇಲೆ ಬಂದಿರುತ್ತಾಳೆ, ಅದರ ಯಶಸ್ಸು ಅವಳದೇ. ಇಂಥ ಜರಡಿ ಹಿಡಿದ ಮೇಲೆ 30 ಹೆಸರು 11 ಆಗಬಹುದು. ಆದರೆ ಆ 11 ಗಟ್ಟಿ.

ಸಂಖ್ಯೆಗಳನ್ನು ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಜೋಡಿಯಾಗಿ ಕೊಡಿ. ಹೊಸದಾಗಿ ಸೇರಿದವಳು ಯಾರ ನೆರವೂ ಇಲ್ಲದೆ ಕೋಡ್ ರಿಲೀಸ್ ಮಾಡಲು (ಬರೆದ ಪ್ರೋಗ್ರಾಂ ಬಳಕೆಗೆ ಬಿಡಲು) ಮೊದಲು ಎಷ್ಟು ವಾರ ಬೇಕಿತ್ತು, ಮೇಡಂ ತರಬೇತಿಯ ಕ್ರಮ ಬದಲಿಸಿದ ಮೇಲೆ ಎಷ್ಟು? ಹೆರಿಗೆ ರಜೆಗೆ ಹೋದವರಲ್ಲಿ ಎಷ್ಟು ಜನ ಮರಳಿದರು, ಮರಳಿದ ಒಂದು ವರ್ಷದ ನಂತರವೂ ಎಷ್ಟು ಜನ ಉಳಿದರು? 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ಕಾನೂನೇ ಕೊಡುತ್ತದೆ, ಅದಕ್ಕಾಗಿ ಯಾರಿಗೂ ಪ್ರಶಸ್ತಿ ಬೇಕಿಲ್ಲ. ರಜೆ ಮುಗಿಸಿ ಬಂದವಳಿಗೆ ಹಳೆಯ ಜವಾಬ್ದಾರಿಯನ್ನೇ ಮರಳಿ ಕೊಡಿಸಿದ್ದರೆ ಅದನ್ನು ಬರೆಯಿರಿ.

ಶಿಫಾರಸು ಪತ್ರ ಮೂರಿರಲಿ: ಅವರ ಕೈಯಲ್ಲಿ ಕಲಿತವರದೊಂದು, ಮೇಲಧಿಕಾರಿಯದೊಂದು, ಕಂಪನಿಯ ಹೊರಗಿನವರದೊಂದು. ಮೂರನ್ನೂ ಕೈಕೆಳಗಿನವರೇ ಬರೆದರೆ, ಹೆದರಿ ಬರೆದರೇನೋ ಎಂಬ ಅನುಮಾನ ಬರುತ್ತದೆ. ಒಂದೇ ಕರಡನ್ನು ಮೂವರಿಗೂ ಕಳಿಸಿ ಸಹಿ ಮಾಡಿಸುವ ರೂಢಿ ಬಿಡಿ. ಮೂರರಲ್ಲೂ ಒಂದೇ ವಾಕ್ಯ ಕಂಡ ಕೂಡಲೇ ಸಿಕ್ಕಿಬೀಳುತ್ತೀರಿ. 'ಮೇಡಂ ಬಹಳ ಸ್ಫೂರ್ತಿದಾಯಕ ವ್ಯಕ್ತಿ' ಎಂಬ ಸಾಲಿಗೆ ಅಂಕವಿಲ್ಲ. 'ಗ್ರಾಹಕರ ಮುಂದೆ ಮಾತಾಡಲು ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆರು ವಾರ ಪ್ರತಿ ಮಂಗಳವಾರ ನನ್ನಿಂದ ಡೆಮೊ ಮಾಡಿಸಿ, ತಪ್ಪುಗಳನ್ನು ಬರೆದುಕೊಟ್ಟರು. ಏಳನೆಯ ವಾರ ಗ್ರಾಹಕರ ಸಭೆಯನ್ನು ನಾನೇ ನಡೆಸಿದೆ' ಎಂಬಂಥ ಸಾಲು ಇಡೀ ಅರ್ಜಿಯನ್ನು ಎತ್ತಿ ನಿಲ್ಲಿಸುತ್ತದೆ. ಬರೆಯುವವರಿಗೆ ಮೂರು ವಾರ ಸಮಯ ಕೊಡಿ, ಎರಡನೆಯ ವಾರ ಒಮ್ಮೆ ನೆನಪಿಸಿ.

ಗ್ರಾಹಕರ ಹೆಸರು, ಒಪ್ಪಂದದ ಮೊತ್ತ ಹಾಕುವ ಮುನ್ನ ಕಂಪನಿಯಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಸಿಗದಿದ್ದರೆ 'ಒಂದು ಬ್ಯಾಂಕಿಂಗ್ ಗ್ರಾಹಕ ಸಂಸ್ಥೆ' ಎಂದರೂ ನಡೆಯುತ್ತದೆ.

ಕೊನೆಯದಾಗಿ ಒಂದು ಮಾತು. ಕನ್ನಡದಲ್ಲಿ ಸಿದ್ಧಪಡಿಸಿದ ದಾಖಲೆಯನ್ನು ಹಳೆಯ ನುಡಿ ಫಾಂಟಿನಿಂದ ನೇರವಾಗಿ ಪೋರ್ಟಲ್‌ಗೆ ಅಂಟಿಸಿದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಮೊದಲು ಎಲ್ಲ ಕಂಪ್ಯೂಟರ್‌ಗಳೂ ಓದಬಲ್ಲ ಯೂನಿಕೋಡ್ ಅಕ್ಷರಕ್ಕೆ ಪರಿವರ್ತಿಸಿ. ಉತ್ತರಗಳನ್ನು ಬೇರೆ ಕಡೆ ಬರೆದಿಟ್ಟು ಆಮೇಲೆ ಅಂಟಿಸಿ. ಪೋರ್ಟಲ್‌ನಲ್ಲೇ ಯೋಚಿಸುತ್ತ ಕೂತರೆ ಅದು ಲಾಗೌಟ್ ಆಗಿ ಬರೆದದ್ದೆಲ್ಲ ಹೋಗುತ್ತದೆ. ಕೊನೆಯ ದಿನದ ಸಂಜೆಗೆ ಕಾಯಬೇಡಿ.

ನಾನು ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ. ಹತ್ತು ವರ್ಷಗಳಿಂದ ವಿದ್ಯಾರ್ಥಿನಿಯರಿಗೆ ಪ್ರಾಜೆಕ್ಟ್, ಸಂದರ್ಶನ ಎಲ್ಲದರಲ್ಲೂ ಜೊತೆ ನಿಂತಿದ್ದೇನೆ. ಅರ್ಜಿ ತುಂಬಲು ಕೂತಾಗ ಕೈಯಲ್ಲಿ ಒಂದೂ ದಾಖಲೆ ಇಲ್ಲ ಅಂತ ಗೊತ್ತಾಯಿತು. ಈಗ ಏನು ಮಾಡಲಿ?
(ಧಾರವಾಡ)

ಮಾರ್ಗದರ್ಶನದ ಕೆಲಸದ ದೊಡ್ಡ ಕೊರತೆಯೇ ಇದು. ಬರೆದ ಕೋಡ್ ಉಳಿಯುತ್ತದೆ, ಪ್ರಬಂಧ ಉಳಿಯುತ್ತದೆ. ಕ್ಯಾಂಟೀನಿನ ಕಲ್ಲು ಬೆಂಚಿನ ಮೇಲೆ ಕೂತು ಅಳುವ ಹುಡುಗಿಗೆ ಧೈರ್ಯ ಹೇಳಿದ್ದು ಎಲ್ಲಿಯೂ ಉಳಿಯುವುದಿಲ್ಲ. ಅದಕ್ಕೇ ತೀರ್ಪುಗಾರರ ಕಣ್ಣಿಗೆ ಒಳ್ಳೆಯ ಮಾರ್ಗದರ್ಶಕಿಯರು ಬೀಳುವುದೇ ಅಪರೂಪ.

ಹಿಂದಿನದನ್ನು ಸ್ವಲ್ಪ ಮಟ್ಟಿಗೆ ಮರಳಿ ಪಡೆಯಬಹುದು. ಹಳೆಯ ಇಮೇಲ್, ವಾಟ್ಸ್‌ಆ್ಯಪ್, ಪ್ರಾಜೆಕ್ಟ್ ವರದಿಗಳ ಕೃತಜ್ಞತೆಯ ಪುಟ, ಪ್ಲೇಸ್‌ಮೆಂಟ್ ವಿಭಾಗದ ಪಟ್ಟಿ ಹುಡುಕಿ. ಹಳೆಯ ವಿದ್ಯಾರ್ಥಿನಿಯರಲ್ಲಿ 15 ಜನರಿಗೆ ಮೂರೇ ಪ್ರಶ್ನೆ ಕಳಿಸಿ: ಯಾವ ವರ್ಷ, ಯಾವ ತೊಡಕಿತ್ತು, ಆಮೇಲೆ ಏನಾಯಿತು. 'ನನ್ನ ಬಗ್ಗೆ ಎರಡು ಮಾತು ಬರೆಯಿರಿ' ಎಂದರೆ ಬರುವುದು ಬರೀ ಹೊಗಳಿಕೆ, ಉಪಯೋಗಕ್ಕಿಲ್ಲ. ಅವರ ಹೆಸರು, ಫೋಟೊ, ಸಂಬಳದ ವಿವರ ಅರ್ಜಿಯಲ್ಲಿ ಹಾಕುವುದಿದ್ದರೆ ಲಿಖಿತ ಒಪ್ಪಿಗೆ ಪಡೆಯಿರಿ. ಮನೆಯ ಕಷ್ಟ, ಕಾಯಿಲೆ, ಮದುವೆಯ ಒತ್ತಡ ಇವುಗಳನ್ನು ಒಪ್ಪಿಗೆ ಇದ್ದರೂ ಬರೆಯದಿರುವುದೇ ಒಳ್ಳೆಯದು. ಪ್ರಶಸ್ತಿ ನಿಮಗೆ, ಬಯಲಾಗುವುದು ಆಕೆಯ ಬದುಕು, ಅದು ನ್ಯಾಯವಲ್ಲ.

ಇನ್ನು ಮುಂದೆ ಒಂದು 200 ಪುಟದ ನೋಟ್‌ಬುಕ್ ಇಡಿ. ಭೇಟಿಯಾದ ದಿನವೇ ನಾಲ್ಕು ಸಾಲು: ದಿನಾಂಕ, ಹೆಸರಿನ ಮೊದಲ ಅಕ್ಷರ, ಮಾತಾಡಿದ ವಿಷಯ, ಮುಂದಿನ ಹೆಜ್ಜೆ. ಬರೆಯಲು ಐದು ನಿಮಿಷ ಸಾಕು. ಪ್ರತಿ ಸೆಮಿಸ್ಟರ್ ಕೊನೆಗೆ ಅದರಿಂದ ಒಂದು ಪುಟದ ಸಾರ ತೆಗೆಯಿರಿ. ಬಿಟ್ಟುಹೋದವರನ್ನೂ ಬರೆಯಿರಿ. 20 ಜನರಲ್ಲಿ 20 ಜನರೂ ಗೆದ್ದರು ಎಂಬ ಅರ್ಜಿಯನ್ನು ಅನುಭವಿ ತೀರ್ಪುಗಾರರು ನಂಬುವುದಿಲ್ಲ. ನಾಲ್ವರು ಏಕೆ ಬಿಟ್ಟರು, ಅದರಿಂದ ನೀವು ಏನು ಬದಲಿಸಿದಿರಿ ಎಂದು ಬರೆದರೆ ನಂಬುತ್ತಾರೆ.

'ವರ್ಷದ ಮಹಿಳಾ ಟೆಕ್ ನಾಯಕಿ' ಪ್ರಶಸ್ತಿಗೆ ನೀವು ಆಯ್ಕೆಯಾಗಿದ್ದೀರಿ ಎಂದು ಇಮೇಲ್ ಬಂದಿದೆ. ನಾನು ಅರ್ಜಿಯನ್ನೇ ಹಾಕಿಲ್ಲ. ಸಮಾರಂಭದ ವೆಚ್ಚವೆಂದು ₹35,000 ಮತ್ತು ಜಿಎಸ್‌ಟಿ ಕೇಳುತ್ತಿದ್ದಾರೆ, ಮೂರು ದಿನದೊಳಗೆ ಕಟ್ಟಬೇಕಂತೆ. ಕಟ್ಟಬಹುದೆ?
(ಗದಗ)

ಕಟ್ಟಬೇಡಿ. ಅರ್ಜಿ ಇಲ್ಲದೆ ಆಯ್ಕೆ, ಆಯ್ಕೆಯ ನಂತರ ಹಣ, ಮೂರು ದಿನದೊಳಗೆ ಕಟ್ಟಿ ಎಂಬ ಅವಸರ: ಈ ಮೂರೂ ಒಟ್ಟಿಗೆ ಬಂದರೆ ಅದು ಮಾರಾಟಕ್ಕಿಟ್ಟ ಫಲಕ. ₹35,000ಕ್ಕೆ ಶೇ 18 ಜಿಎಸ್‌ಟಿ ಸೇರಿದರೆ ₹41,300. ಬೆಂಗಳೂರಿಗೋ ದೆಹಲಿಗೋ ಹೋಗಿಬರುವ ಖರ್ಚು, ಹೋಟೆಲ್ ಬಾಡಿಗೆ ಬೇರೆ.

ಅರ್ಜಿಯ ಶುಲ್ಕ ಇದ್ದ ಮಾತ್ರಕ್ಕೆ ಎಲ್ಲವೂ ಮೋಸವಲ್ಲ, ಕೆಲವು ಉದ್ಯಮ ಸಂಘಟನೆಗಳು ಸ್ಪರ್ಧೆಗೆ ಮೊದಲೇ ಪ್ರಕಟಿಸಿದ ಪ್ರವೇಶ ಶುಲ್ಕ ಇಡುತ್ತವೆ. ಗೆದ್ದವರಿಂದ ಕೇಳುವುದು ಬೇರೆ ಮಾತು. ಅನುಮಾನವಿದ್ದರೆ ನಾಲ್ಕು ಪ್ರಶ್ನೆ ಬರೆದು ಕಳಿಸಿ: ತೀರ್ಪುಗಾರರು ಯಾರು, ಅಂಕ ಕೊಡುವ ಮಾನದಂಡವೇನು, ಕಳೆದ ವರ್ಷ ಎಷ್ಟು ಅರ್ಜಿ ಬಂದಿದ್ದವು, ಎಷ್ಟು ಜನರಿಗೆ ಕೊಟ್ಟಿರಿ. ಉತ್ತರದ ಬದಲು ಫೋನ್ ಕರೆ ಬಂದರೆ ಅಲ್ಲಿಗೆ ಬಿಟ್ಟುಬಿಡಿ. ಆಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ.

ನಮ್ಮ ಅಕ್ಕ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾರೆ. ಹಳ್ಳಿಯ ಹೆಣ್ಣುಮಕ್ಕಳೇ ಹೆಚ್ಚು ಬರುತ್ತಾರೆ. ದೊಡ್ಡ ಐಟಿ ಕಂಪನಿಯವರಿಗಷ್ಟೇ ಇಂಥ ಪ್ರಶಸ್ತಿಯೋ, ನಮಗೂ ದಾರಿ ಇದೆಯೋ?
(ರಾಣೆಬೆನ್ನೂರು)

ಇದೆ. ಹತ್ತಿರದ್ದರಿಂದ ಶುರು ಮಾಡಿ. ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕೊಡುವ ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ ಮಹಿಳೆಯರಿಗಾಗಿ ದುಡಿದ ವ್ಯಕ್ತಿ, ಸಂಸ್ಥೆಗಳಿಗೆ ಸಲ್ಲುತ್ತದೆ. ಹಾವೇರಿಯ ಇಲಾಖೆ ಉಪನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿ ಸಾಫ್ಟ್‌ವೇರಿನ ಭಾಷೆ ಬೇಡ. ಕಲಿತ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಈಗ ದುಡಿಯುತ್ತಿದ್ದಾರೆ ಎಂಬ ಲೆಕ್ಕ ಬೇಕು.

ಕೇಂದ್ರದ ನಾರಿ ಶಕ್ತಿ ಪುರಸ್ಕಾರವನ್ನು ರಾಷ್ಟ್ರಪತಿಗಳು ಮಹಿಳಾ ದಿನದಂದು ಕೊಡುತ್ತ ಬಂದದ್ದು, ಮೊತ್ತ ₹2 ಲಕ್ಷ. 2022ರ ಮಾರ್ಚ್ 8ರಂದು ಅದನ್ನು ಪಡೆದವರಲ್ಲಿ ಆಗ ಇಂಟೆಲ್ ಇಂಡಿಯಾದ ಮುಖ್ಯಸ್ಥೆಯಾಗಿದ್ದ ನಿವೃತಿ ರಾಯ್ ಇದ್ದರು, ದೇವದಾಸಿ ಪದ್ಧತಿಯ ವಿರುದ್ಧ ದುಡಿದ ಬೆಳಗಾವಿ ಕಡೆಯ ಶೋಭಾ ಗಸ್ತಿಯವರೂ ಇದ್ದರು. ಕಂಪನಿಯ ಗಾತ್ರವೊಂದೇ ಅಳತೆಯಲ್ಲ ಎನ್ನಲು ಇಷ್ಟು ಸಾಕು. ಅಧಿಸೂಚನೆ ಹೊರಬಿದ್ದಾಗ ಮಾತ್ರ ಅರ್ಜಿ ಹಾಕಬೇಕು, ಕೇಂದ್ರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್ ಆಗಾಗ ನೋಡುತ್ತಿರಿ. ಪದ್ಮ ಪ್ರಶಸ್ತಿಗೂ ಅದೇ ಪೋರ್ಟಲ್. ಅದಕ್ಕೆ ತಮ್ಮ ಹೆಸರನ್ನು ತಾವೇ ಕಳಿಸಲು ಅವಕಾಶವಿದೆ, ವಿವರಣೆ 800 ಪದ ಮೀರಬಾರದು. ವೈದ್ಯರು, ವಿಜ್ಞಾನಿಗಳನ್ನು ಬಿಟ್ಟರೆ ಸೇವೆಯಲ್ಲಿರುವ ಸರ್ಕಾರಿ ನೌಕರರಿಗೆ ಪದ್ಮ ಪ್ರಶಸ್ತಿ ಇಲ್ಲ. ಉದ್ಯಮ ನಡೆಸುವವರಿಗೆ ನೀತಿ ಆಯೋಗ 2016ರಲ್ಲಿ ಶುರು ಮಾಡಿದ 'ವಿಮೆನ್ ಟ್ರಾನ್ಸ್‌ಫಾರ್ಮಿಂಗ್ ಇಂಡಿಯಾ' ಪ್ರಶಸ್ತಿಯನ್ನೂ ಕೊಟ್ಟದ್ದುಂಟು, ಈಗ ಅರ್ಜಿ ಕರೆದಿದ್ದಾರೆಯೇ ವಿಚಾರಿಸಿ.

ಹೆಸರು ನೋಡಿ ಅರ್ಜಿ ಹಾಕುವ ತಪ್ಪು ಮಾತ್ರ ಬೇಡ. ಕಂಪ್ಯೂಟರ್ ತಜ್ಞರ ಅಂತರರಾಷ್ಟ್ರೀಯ ಸಂಘಟನೆಯಾದ ಎಸಿಎಂ ಕೊಡುವ ಗ್ರೇಸ್ ಮರೆ ಹಾಪರ್ ಪ್ರಶಸ್ತಿ ಮಹಿಳೆಯ ಹೆಸರಿನದು, ಆದರೆ ಮಹಿಳೆಯರಿಗೆ ಮೀಸಲಲ್ಲ. 1971ರಲ್ಲಿ ಮೊದಲು ಪಡೆದವರು ಡೊನಾಲ್ಡ್ ನೂತ್ ಎಂಬ ಪುರುಷ ಕಂಪ್ಯೂಟರ್ ವಿಜ್ಞಾನಿ. ಮಹಿಳೆಯರಿಗೆಂದೇ ಇರುವುದು ತಂತ್ರಜ್ಞಾನ ಕ್ಷೇತ್ರದ ಮಹಿಳೆಯರಿಗಾಗಿ ದುಡಿಯುವ ಅಮೆರಿಕದ ಅನಿತಾಬಿ ಸಂಸ್ಥೆಯ ಏಬಿ ಪ್ರಶಸ್ತಿಗಳು, ಎಸಿಎಂನ ಅಥೀನಾ ಲೆಕ್ಚರರ್ ಗೌರವ. ಎರಡನೆಯದು ಸಂಶೋಧಕಿಯರಿಗೆ.

ಸರ್ಟಿಫಿಕೇಟಿನಲ್ಲಿ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಮನೆಯದು. ತೊಂದರೆ ಆಗುತ್ತದೆಯೆ?
(ಹಾವೇರಿ)

ಆಗುತ್ತದೆ, ಪೇಟೆಂಟ್ ಅಥವಾ ಪ್ರಬಂಧ ಹಳೆಯ ಹೆಸರಿನಲ್ಲಿದ್ದರೆ ಇನ್ನೂ ಹೆಚ್ಚು. ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ನೋಟರಿ ಪ್ರಮಾಣಪತ್ರ, ಮದುವೆ ನೋಂದಣಿ ಪ್ರತಿ ಲಗತ್ತಿಸಿ. ಅರ್ಜಿಯ ಮೊದಲ ಸಾಲಿನಲ್ಲೇ ಎರಡೂ ಹೆಸರು ಬರೆಯಿರಿ.

ಹೆಂಗಸರಿಗೆ ಬೇರೆ ಪ್ರಶಸ್ತಿ ಯಾಕೆ? ಕೆಲಸಕ್ಕೆ ಗಂಡು ಹೆಣ್ಣು ಎಂಬ ಭೇದ ಉಂಟೆ?
(ಲಕ್ಷ್ಮೇಶ್ವರ)

ಕೆಲಸಕ್ಕಿಲ್ಲ, ಕೆಲಸವನ್ನು ಗುರುತಿಸುವ ಕಣ್ಣಿಗಿತ್ತು. ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಶುರುವಾದದ್ದು 1966ರಲ್ಲಿ. ಮೊದಲ ಮಹಿಳೆ ಫ್ರಾನ್ಸಿಸ್ ಆ್ಯಲೆನ್ ಅವರಿಗೆ ಸಂದದ್ದು 2006ರ ಪ್ರಶಸ್ತಿ. 1940ರ ದಶಕದಲ್ಲಿ ಎನಿಯಾಕ್ ಎಂಬ ಮೊದಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದ ಆರು ಮಹಿಳೆಯರನ್ನು ಮಹಿಳಾ ತಂತ್ರಜ್ಞರ ಸಂಘಟನೆಯೊಂದು ತನ್ನ ಗೌರವ ಪಟ್ಟಿಗೆ ಸೇರಿಸಿದ್ದು 1997ರಲ್ಲಿ. ನಮ್ಮ ಶಿಗ್ಗಾವಿಯ ಸುಧಾ ಮೂರ್ತಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದಾಗ, ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದೇ ಟೆಲ್ಕೊ (ಈಗಿನ ಟಾಟಾ ಮೋಟರ್ಸ್) ಜಾಹೀರಾತಿನಲ್ಲಿ ಅಚ್ಚಾಗಿತ್ತು. ಅವರು ಪತ್ರ ಬರೆದು ಪ್ರಶ್ನಿಸಿದ ಮೇಲೆ ಬಾಗಿಲು ತೆರೆಯಿತು. ಮುಚ್ಚಿಟ್ಟ ಬಾಗಿಲಿನ ಲೆಕ್ಕ ತೀರುವವರೆಗೆ ಬೇರೆ ಪ್ರಶಸ್ತಿ ಬೇಕು.

ನಮ್ಮ ಸಂಸ್ಥೆಯಲ್ಲೇ ಮಹಿಳಾ ಮಾರ್ಗದರ್ಶಕಿಗೆ ವಾರ್ಷಿಕ ಪ್ರಶಸ್ತಿ ಇಡಬೇಕೆಂದಿದ್ದೇವೆ. ಸುಮಾರು 300 ಸಿಬ್ಬಂದಿ. ಹೇಗೆ ರೂಪಿಸಬೇಕು?
(ಗೋಕುಲ ರಸ್ತೆ, ಹುಬ್ಬಳ್ಳಿ)

ಮಾರ್ಚ್ 8ಕ್ಕೆ ಒಂದು ವಾರವಿದ್ದಾಗ ಹೆಸರು ಹುಡುಕಿ, ಶಾಲು ಹೊದಿಸಿ, ಪೇಡೆ ಹಂಚಿ ಮುಗಿಸುವುದಾದರೆ ಬೇಡ. ನವೆಂಬರಿನಲ್ಲೇ ಮಾನದಂಡ ಪ್ರಕಟಿಸಿ. 100 ಅಂಕಗಳಲ್ಲಿ ಕಲಿತವರಲ್ಲಾದ ಬದಲಾವಣೆಗೆ 40, ಆಕೆಯ ಸ್ವಂತ ತಾಂತ್ರಿಕ ಕೆಲಸಕ್ಕೆ 25, ಸಂಸ್ಥೆಯ ಪದ್ಧತಿಯಲ್ಲಿ ತಂದ ಸುಧಾರಣೆಗೆ 20, ಸಾಕ್ಷಿ ಪತ್ರಗಳಿಗೆ 15 ಇಟ್ಟು ನೋಡಿ.

ತೀರ್ಪುಗಾರರು ಐವರಿರಲಿ, ಮೂವರು ಮಹಿಳೆಯರು, ಇಬ್ಬರಾದರೂ ಹೊರಗಿನವರು. ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಐಐಟಿ, ಐಐಐಟಿ ಹತ್ತಿರದಲ್ಲೇ ಇವೆ, ಅಧ್ಯಾಪಕರನ್ನು ಕೇಳಿ. ಎಲ್ಲರೂ ಮನೆಯಲ್ಲಿ ಕೂತು ಪ್ರತ್ಯೇಕವಾಗಿ ಅಂಕ ಹಾಕಿ ಕಳಿಸಿದ ಮೇಲೆಯೇ ಸಭೆ ಸೇರಿಸಿ. ಮೊದಲೇ ಸೇರಿಸಿದರೆ ಹಿರಿಯರು ಬಾಯಿಬಿಟ್ಟ ಹೆಸರಿಗೇ ಉಳಿದವರೂ ಹೂಂ ಎನ್ನುತ್ತಾರೆ. ಅರ್ಜಿದಾರಳ ಮೇಲಧಿಕಾರಿ, ಸಂಬಂಧಿ, ಆಕೆಯ ಕೈಯಲ್ಲಿ ಕಲಿತವರು ಆ ಅರ್ಜಿಗೆ ಅಂಕ ಹಾಕಬಾರದು. ಕೊನೆಯ ಐವರಲ್ಲಿ ಪ್ರತಿಯೊಬ್ಬರಿಂದಲೂ ಕಲಿತ ಇಬ್ಬರಿಗೆ ಫೋನ್ ಮಾಡಿ ಹೇಳಿಕೆ ಪರಿಶೀಲಿಸಿ. ಆ ಇಬ್ಬರ ಹೆಸರನ್ನು ಅರ್ಜಿದಾರಳು ಕೊಡಬಾರದು, ಪಟ್ಟಿಯಿಂದ ನೀವೇ ಆರಿಸಬೇಕು.

ಬಹುಮಾನವಾಗಿ ಫಲಕದ ಜೊತೆ ವಾರಕ್ಕೆ ಎರಡು ಗಂಟೆ ಕೆಲಸದ ಅವಧಿಯಲ್ಲೇ ಮಾರ್ಗದರ್ಶನಕ್ಕೆ ಬಿಡುವು ಕೊಡಿ, ಒಂದು ತಾಂತ್ರಿಕ ಸಮ್ಮೇಳನಕ್ಕೆ ಕಳಿಸಿ. ಪ್ರಶಸ್ತಿ ಬಂದ ಮರುದಿನದಿಂದ ಇಡೀ ಸಂಸ್ಥೆಯ ಹೊಸಬರನ್ನೆಲ್ಲ ಅವರ ತಲೆಗೇ ಕಟ್ಟುವುದು ಆಗಬಾರದು. ಒಬ್ಬರಿಗೆ ಒಂದು ಸಲಕ್ಕೆ ಐದಾರು ಜನಕ್ಕಿಂತ ಹೆಚ್ಚು ಬೇಡ. ಆಯ್ಕೆಯಾಗದ ಪ್ರತಿಯೊಬ್ಬರಿಗೂ ಯಾವ ಅಂಕಣದಲ್ಲಿ ಅಂಕ ಕಡಿಮೆಯಾಯಿತು ಎಂದು ಎರಡು ಸಾಲು ಬರೆದು, ಸಮಾರಂಭಕ್ಕೆ ಮೊದಲೇ ತಲುಪಿಸಿ.