ಆಸ್ಪತ್ರೆಯೋ, ಅಂಗನವಾಡಿಯೋ?

ಡೊಂಬಿವಲಿಯ ಓದುಗರೊಬ್ಬರ ಪತ್ರ: "ಮಗಳು ಹನ್ನೆರಡನೆಯ ಸೈನ್ಸ್. ನ್ಯೂಟ್ರಿಷನ್, ಪಬ್ಲಿಕ್ ಹೆಲ್ತ್ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ತೂಕ ಇಳಿಸುವ ಚಾರ್ಟ್ ಬರೆದುಕೊಂಡು ಕೂರಬೇಕಾದೀತು ಅಂತ ನೆಂಟರು ಹೆದರಿಸುತ್ತಾರೆ. ಓದಿಸಲೇ?"

ಧಾರಾಳವಾಗಿ ಓದಿಸಿ. ಆದರೆ ಮಗಳು ಹೇಳುತ್ತಿರುವುದು ಎರಡು ಬೇರೆ ಬೇರೆ ಕೆಲಸ. ಡಯಟೀಷಿಯನ್ ನೋಡುವುದು ಒಬ್ಬ ರೋಗಿಯನ್ನು: ಕಿಡ್ನಿ ಸೋತವರಿಗೆ ಪೊಟ್ಯಾಷಿಯಂ ಎಷ್ಟು, ಮೂಗಿನ ನಳಿಕೆಯಲ್ಲಿ ಏನು ಕೊಡಬೇಕು ಎಂಬ ಲೆಕ್ಕ. ಸಾರ್ವಜನಿಕ ಆರೋಗ್ಯದವರು ನೋಡುವುದು ಮುಂಬಯಿಯ ಇಡೀ ಗೋವಂಡಿ ಬಡಾವಣೆಯನ್ನು ಅಥವಾ ಪಾಲ್ಘರ್‌ನ ಒಂದು ತಾಲೂಕನ್ನು.

ಎರಡಕ್ಕೂ ಬಿ.ಎಸ್ಸಿ. ಒಳ್ಳೆಯ ಅಡಿಪಾಯ. ಜುಹೂವಿನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಆವರಣದ ಎಸ್‌ವಿಟಿ ಗೃಹವಿಜ್ಞಾನ ಕಾಲೇಜು ಮತ್ತು ನ್ಯೂ ಮರೀನ್ ಲೈನ್ಸ್‌ನ ನಿರ್ಮಲಾ ನಿಕೇತನ ಮುಂಬಯಿಯಲ್ಲಿ ಹಳೆಯ ಹೆಸರುಗಳು. ಆಸ್ಪತ್ರೆಯ ದಾರಿ ಹಿಡಿದರೆ ಸ್ನಾತಕೋತ್ತರ ಓದು, ಆರು ತಿಂಗಳ ಇಂಟರ್ನ್‌ಶಿಪ್, ಆಮೇಲೆ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಆರ್.ಡಿ. (ರಿಜಿಸ್ಟರ್ಡ್ ಡಯಟೀಷಿಯನ್) ಪರೀಕ್ಷೆ. ಇನ್ನೊಂದು ದಾರಿಯಾದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ ಅಪ್ಲೈಡ್ ನ್ಯೂಟ್ರಿಷನ್ ಎಂ.ಎಸ್ಸಿ., ಇಲ್ಲವೇ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಎಂ.ಪಿ.ಎಚ್. ಅದಕ್ಕೆ ಮುಂಬಯಿಯ ದೇವನಾರ್‌ನಲ್ಲೇ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಸಿದ ಜನಸಂಖ್ಯಾ ಅಧ್ಯಯನ ಸಂಸ್ಥೆ ಐಐಪಿಎಸ್ ಕೂಡ ಅಲ್ಲೇ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು 2019–21ರಲ್ಲಿ ತಿಳಿಸಿದ್ದು ಇದೇ ಸಮೀಕ್ಷೆ.

ಇಂಥ ಅಂಕಿಗಳು ಹುಟ್ಟುವುದು ಅಳತೆಯಲ್ಲಿ. ಎಡತೋಳಿನ ಭುಜದ ತುದಿಗೂ ಮೊಣಕೈಗೂ ನಟ್ಟನಡುವಿನ ಜಾಗ ಗುರುತಿಸಿ, ಕೈ ಇಳಿಬಿಡಿಸಿ ಟೇಪು ಸುತ್ತಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. ಟೇಪು ಬಿಗಿದು ಎಳೆದರೆ ಚೆನ್ನಾಗಿರುವ ಮಗುವೂ ಪಟ್ಟಿಗೆ ಸೇರುತ್ತದೆ, ಸಡಿಲ ಬಿಟ್ಟರೆ ಸೊರಗಿದ ಮಗು ತಪ್ಪಿಹೋಗುತ್ತದೆ. ಎತ್ತರವಾದರೆ ಎರಡು ವರ್ಷದೊಳಗಿನವರನ್ನು ಮಲಗಿಸಿಯೇ ಅಳೆಯಬೇಕು. ನಿಲ್ಲಿಸಿ ಅಳೆದರೆ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಎಡವಟ್ಟು ವಯಸ್ಸಿನದು. ಎಂಟು ತಿಂಗಳ ಮಗುವನ್ನು "ಒಂದು ವರ್ಷ ಇರಬಹುದು" ಅಂತ ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ಸುಳ್ಳು. ಜನನ ಪತ್ರ ಇಲ್ಲದಿದ್ದರೆ ಲಸಿಕೆ ಕಾರ್ಡು ಕೇಳಬೇಕು, ಅದೂ ಇಲ್ಲದಿದ್ದರೆ ಗಣಪತಿ ಹಬ್ಬಕ್ಕೆ ಮೊದಲೋ ಆಮೇಲೋ ಅಂತ ಕೆದಕಬೇಕು.

ಊಟದ ಲೆಕ್ಕವೂ ಹಾಗೆಯೇ. "ಎಣ್ಣೆ ಎಷ್ಟು ಹಾಕ್ತೀರಿ?" ಅಂದರೆ ಎಲ್ಲರೂ "ಸ್ವಲ್ಪ" ಅಂತಾರೆ. ತಿಂಗಳಿಗೆ ಎಷ್ಟು ತರುತ್ತೀರಿ ಅಂತ ಕೇಳಬೇಕು: ನಾಲ್ಕು ಜನಕ್ಕೆ ಮೂರು ಲೀಟರ್ ಅಂದರೆ ತಲೆಗೆ ದಿನಕ್ಕೆ 25 ಮಿ.ಲೀ. ಹೀಗೆ ಮಾತಾಡಿಸಲು ಭಾಷೆ ಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ-ಹಿಂದಿ ಆಡಿ ಬೆಳೆದ ಹುಡುಗಿಗೆ ಅದು ದೊಡ್ಡ ಬಲ. ಮರಾಠಿ ಓದಿ ಬರೆಯುವುದನ್ನೂ ಗಟ್ಟಿ ಮಾಡಿಸಿ.

ಸಂಬಳದ ವಿಷಯ ಮುಚ್ಚಿಡುವುದಿಲ್ಲ. ಸಾರ್ವಜನಿಕ ಆರೋಗ್ಯದಲ್ಲಿ ಬಹಳಷ್ಟು ಹುದ್ದೆ ಗುತ್ತಿಗೆಯವು, ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯುತ್ತದೆ. ಅಂಕಿಸಂಖ್ಯಾಶಾಸ್ತ್ರ ಚೆನ್ನಾಗಿ ಕಲಿತವರಿಗೆ ಮುಂದಿನ ಕೆಲಸ ಬೇಗ ಸಿಗುತ್ತದೆ. ಗಣಿತ ಬೇಡವೆಂದು ಈ ಕಡೆ ಬರುತ್ತಿದ್ದರೆ ಈಗಲೇ ಬಿಡಿಸಿ ಹೇಳಿ.

ಪರೀಕ್ಷೆ ಮುಗಿದ ಮೇಲೆ ಹತ್ತಿರದ ಅಂಗನವಾಡಿ ಸೇವಿಕೆಯನ್ನು ಕೇಳಿಕೊಂಡು, ಮಕ್ಕಳ ತೂಕ ನೋಡುವ ದಿನ ಮಗಳನ್ನು ಅಲ್ಲಿ ಕೂರಿಸಿ. ಕಾಲೇಜಿಗೆ ಹೋದಾಗ ಕ್ಯಾಂಪಸ್ ನೋಡುವ ಮೊದಲು ವಿಚಾರಿಸಿ: ಮೂರು ವರ್ಷದಲ್ಲಿ ಫೀಲ್ಡ್ ಕೆಲಸ ಎಷ್ಟು ವಾರ, ಎಲ್ಲಿ, ಜೊತೆಗೆ ಯಾರು ಬರುತ್ತಾರೆ?