ಬಟ್ಟೆ ಕ್ಲಿಪ್ಪಿನಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ ‘ನನ್ನ ಹಳೆಯ ಮಸಲ್ ಕಾರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಕೈಬಿಡಲು ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಹಾಕಿ. ದೊಡ್ಡ ಎಂಜಿನ್ ಕೂರಿಸಿದ ಅಮೆರಿಕದ ಈ ಮಸಲ್ ಕಾರುಗಳ ಚರಿತ್ರೆ, 1964ರ ಪಾಂಟಿಯಾಕ್ ಜಿಟಿಒ, ಅದರ 389 ಕ್ಯೂಬಿಕ್ ಇಂಚಿನ ವಿ8 ಎಂಜಿನ್, 1973ರ ತೈಲ ಬಿಕ್ಕಟ್ಟು, ಎಲ್ಲಾ ಸರಿಯೇ. ಆದರೆ ಅದನ್ನು ಯಾರು ಬೇಕಾದರೂ ಬರೆಯಬಹುದು. ನಿಮ್ಮ ಕಾರು ಮೂರನೇ ಪುಟದವರೆಗೂ ಬರುವುದೇ ಇಲ್ಲ, ಅಲ್ವಾ?

ಜೀವ ಇರುವುದು ಅಲ್ಲಿ. ಆಗಸ್ಟ್ ತಿಂಗಳ ಶನಿವಾರ, ಡೆಟ್ರಾಯಿಟ್ ಹೊರಗಿನ ವುಡ್‌ವರ್ಡ್ ಅವೆನ್ಯೂ, ಡ್ರೀಮ್ ಕ್ರೂಸ್ ಅನ್ನುವ ಹಳೇ ಕಾರುಗಳ ಮೆರವಣಿಗೆ ನೋಡಲು ಬಂದವರು ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಅವರೆಲ್ಲರ ಎದುರಿಗೆ ನಿಮ್ಮ ಕಾರು ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಪಕ್ಕದ ಮನೆಯ ಅಜ್ಜ ಇಳಿದು, ಬಾನೆಟ್ ಎತ್ತಿ, ಜೇಬಿನಿಂದ ಮರದ ಬಟ್ಟೆ ಕ್ಲಿಪ್ಪುಗಳನ್ನು ತೆಗೆದು ಪೆಟ್ರೋಲ್ ಪೈಪಿಗೆ ಸಾಲಾಗಿ ಸಿಕ್ಕಿಸುತ್ತಾರೆ. ಇಂಥದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿ ‘ಆ ಗತವೈಭವದ ದಿನಗಳು’ ಅಂತ ಮುಂದೆ ಹೋಗಿಬಿಟ್ಟಿದ್ದೀರಲ್ಲ! ಎಷ್ಟು ಕ್ಲಿಪ್ಪು? ಅಜ್ಜನ ಬೆರಳು ಹೇಗಿದ್ದವು? ಪೈಪು ಮುಟ್ಟಿದರೆ ಸುಡುತ್ತಿತ್ತಾ? ನನಗೆ ಇವೆಲ್ಲಾ ಬೇಕು.

‘ಎಂಜಿನ್ ಸೀಜ್ ಆಯಿತು’ ಅಂದಿದ್ದೀರಿ. ಅರ್ಧ ಗಂಟೆ ಬಿಟ್ಟು ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು ಅಂತಲೂ ನೀವೇ ಬರೆದಿದ್ದೀರಿ. ಸೀಜ್ ಆದರೆ ಒಳಗಿನ ಭಾಗಗಳು ಕಚ್ಚಿಕೊಂಡು ಎಂಜಿನ್ ತಿರುಗುವುದೇ ಇಲ್ಲ. ಹಾಗಾದರೆ ಅದು ಸೀಜ್ ಅಲ್ಲ, ವೇಪರ್ ಲಾಕ್, ಅಂದರೆ ಪೈಪಿನಲ್ಲಿ ಆವಿ ಕಟ್ಟಿಕೊಳ್ಳುವುದು. ಆ ಕಾಲದ ಕಾರ್ಬ್ಯುರೇಟರ್ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಸಾಮಾನ್ಯವಾಗಿ ಎಂಜಿನ್ ಮೈಗೇ ಕೂತಿರುತ್ತಿತ್ತು. ಬಿಸಿಲು, ಟ್ರಾಫಿಕ್, ಬಾನೆಟ್ ಒಳಗಿನ ಕಾವು ಎಲ್ಲಾ ಸೇರಿ ಪೈಪಿನಲ್ಲೇ ಪೆಟ್ರೋಲ್ ಕುದಿಯುತ್ತದೆ, ಪಂಪ್ ಎಷ್ಟು ಎಳೆದರೂ ಬರುವುದು ಆವಿ. ಎಥೆನಾಲ್ ಬೆರೆತ ಪೆಟ್ರೋಲ್ ಆದರೆ ಈ ಕಾಟ ಇನ್ನೂ ಜಾಸ್ತಿ. ತಣ್ಣಗಾದರೆ ಸರಿಹೋಗುತ್ತದೆ. ಮರದ ಕ್ಲಿಪ್ಪು ಪೈಪಿನ ಕಾವು ಹೀರುತ್ತದೆ ಅನ್ನುವುದು ನಂಬಿಕೆ, ಅದರಿಂದ ನಿಜವಾಗಿ ಉಪಯೋಗ ಇದೆಯೋ ಇಲ್ಲವೋ ಅಂತ ಹಳೇ ಕಾರಿನವರು ಇವತ್ತಿಗೂ ವಾದ ಮಾಡುತ್ತಾರೆ. ಆ ಅನುಮಾನವೂ ಲೇಖನದಲ್ಲಿ ಬರಲಿ. ಕಾರಿಗೆ ಏನಾಗಿದೆ ಅಂತ ಗೊತ್ತಾದರೆ, ಅಜ್ಜ ಆ ಅರ್ಧ ಗಂಟೆ ಯಾಕೆ ಸುಮ್ನೆ ಕೂತಿದ್ದರು ಅನ್ನುವುದೂ ಓದುವವರಿಗೆ ಗೊತ್ತಾಗುತ್ತದೆ.

ಮಾತುಗಳನ್ನೂ ಬದಲಿಸಬೇಕು. ಅಜ್ಜ ಕಾರ್ಖಾನೆಯಲ್ಲಿ 30 ವರ್ಷ ದುಡಿದ ಮನುಷ್ಯ, ಅವರು ‘ಚಿಂತಿಸದಿರು ಮಿತ್ರನೇ, ಯಂತ್ರವು ಶೀಘ್ರವೇ ಚೇತರಿಸಿಕೊಳ್ಳುವುದು’ ಅನ್ನುತ್ತಾರಾ? ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಆ ರಾತ್ರಿ ಮನೆಗೆ ಹೋಗಿ ನಿಮ್ಮ ಹೆಂಡತಿಗೆ ಹೇಗೆ ಹೇಳಿದಿರೋ ಹಾಗೇ ಬರೆಯಿರಿ.

‘ಬದುಕೂ ಒಂದು ಎಂಜಿನ್’ ಅನ್ನುವ ಕೊನೆಯ ಸಾಲನ್ನು ಹೊಡೆದುಹಾಕಿದ್ದೇನೆ. ಅಜ್ಜ ತೀರಿಕೊಂಡ ಮರುವರ್ಷ ಕಾರು ಮಾರಿದೆ ಅಂತ ಅದರ ಹಿಂದಿನ ಸಾಲಿನಲ್ಲಿದೆ. ಮಾರುವ ದಿನ ಆ ಕ್ಲಿಪ್ಪುಗಳು ಪೈಪಿನ ಮೇಲೇ ಇದ್ದವಾ, ನೀವು ತೆಗೆದಿಟ್ಟುಕೊಂಡಿರಾ? ಅದನ್ನು ಬರೆದು ಕಳಿಸಿ, ಕಾಯುತ್ತಿರುತ್ತೇನೆ.