ಹಳೆ ಅಲ್ಯೂಮಿನಿಯಂ ದೋಣಿಯ ಡೆಕ್‌ಗೆ ಟ್ರೀಟೆಡ್ ಪ್ಲೈವುಡ್ ಹಾಕಬಹುದಾ?

ಮೀನು ಹಿಡಿಯುವ ಹಳೆ ದೋಣಿಯ ಡೆಕ್ ಕೊಳೆತಿದೆ, ಟ್ರೀಟೆಡ್ ಪ್ಲೈವುಡ್ ಸಾಕಾ ಅಂತ ಕೇಳಿದ್ದೀರಿ. ಬೇಡ. ಮರ ಕೊಳೆಯದಿರಲಿ ಅಂತ ಅದಕ್ಕೆ ಹಾಕುವ ರಾಸಾಯನಿಕದಲ್ಲಿ ಸಾಮಾನ್ಯವಾಗಿ ತಾಮ್ರ ಇರುತ್ತದೆ. ಒದ್ದೆಯಾದರೆ ಅದು ಅಲ್ಯೂಮಿನಿಯಂ ತಿನ್ನುತ್ತದೆ. ಮರ ತಾಗುವ ಕಡೆ ಮೊದಲು ಬಿಳಿ ಪುಡಿ ಏಳುತ್ತದೆ, ಆಮೇಲೆ ಸಣ್ಣ ಸಣ್ಣ ತೂತು. ಮರೈನ್ ಪ್ಲೈವುಡ್ (ನೀರಿಗೆ ಬಿಡದ ಅಂಟು ಹಾಕಿ ಮಾಡಿದ್ದು) ತನ್ನಿ. ಅಂಚುಗಳಿಗೆ, ಸ್ಕ್ರೂ ತೂತುಗಳ ಒಳಗೂ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಬಳಿಯಿರಿ. ನೀರು ಒಳಗಿಳಿಯುವುದು ಅಲ್ಲಿಂದಲೇ ಅಲ್ವಾ?

ಡೆಕ್ ಕೂರಿಸುವ ಮೊದಲು ಇನ್ನೊಂದು ಕೆಲಸ. ದೋಣಿಗೆ ಕೆಳಗಿನಿಂದ ಚೆನ್ನಾಗಿ ಆಸರೆ ಕೊಟ್ಟು, ಒಳಗೆ ಸ್ವಲ್ಪ ನೀರು ಬಿಡಿ. ಹೊರಗೆ ನೀರು ಜಿನುಗುವ, ತಗಡುಗಳನ್ನು ಜೋಡಿಸಿರುವ ರಿವೆಟ್‌ಗಳಿಗೆ ಗುರುತು ಹಾಕಿ. ಅವನ್ನು ಬಡಿದು ಬಿಗಿ ಮಾಡಬೇಕು. ಸುಮ್ನೆ ಸೀಲಂಟ್ ಮೆತ್ತಿದರೆ ಜಾಸ್ತಿ ದಿನ ಬಾಳುವುದಿಲ್ಲ. ಡೆಕ್ ಕೆಳಗಿನ, ದೋಣಿ ತೇಲಲು ಇಟ್ಟಿರುವ ಫೋಮ್ ಎತ್ತಿ ನೋಡಿ. ಭಾರವಿದ್ದರೆ ನೀರು ಕುಡಿದಿದೆ, ಬದಲಾಯಿಸಿ.